ಬಾವಿ ಕಲ್ಲಿನ ಗುಡ್ಡೆಯಲ್ಲಿ ಹರಳು: ವಿಜಯಪುರದಿಂದ ಬಾದಾಮಿವರೆಗೆ

ವಿಜಯಪುರ, ಬಾಗಲಕೋಟೆ ಕಡೆ ಕಲ್ಲು ಹುಡುಕಲು ಹೊರಟವರು ಮೊದಲು ತಿಂಗಳು ಆರಿಸಿಕೊಳ್ಳಿ, ಊರು ಆಮೇಲೆ. ಮಳೆಗಾಲ ಬೇಡವೇ ಬೇಡ. ಎರೆ ಮಣ್ಣು ಬೂಟಿಗೆ ಹತ್ತಿಕೊಂಡರೆ ಕಾಲೆತ್ತುವುದೇ ಕೆಲಸ. ನವೆಂಬರ್‌ನಿಂದ ಫೆಬ್ರವರಿವರೆಗೆ ತಿರುಗಾಡಲು ಹಿತ. ಆದರೆ ಒಳ್ಳೆ ಹರಳು ಬೇಕಾದರೆ ಏಪ್ರಿಲ್‌ನಲ್ಲಿ ಹೋಗಿ. ಬಿಸಿಲು 40 ಡಿಗ್ರಿ ದಾಟಿರುತ್ತದೆ, ನಿಜ. ಆದರೆ ನೀರು ಇಳಿದು, ರೈತರು ಬಾವಿ ತೋಡಿಸುವುದು ಆಗಲೇ.

ವಿಜಯಪುರದ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಗೋಳಗುಮ್ಮಟದ ಗೋಡೆಯಲ್ಲೂ ಇದೇ ಕಲ್ಲು. ಲಾವಾ ಆರುವಾಗ ಒಳಗೆ ಗುಳ್ಳೆಗಳು ಉಳಿದವು. ಆಮೇಲೆ ಖನಿಜ ಕರಗಿದ ನೀರು ಆ ಪೊಳ್ಳಿಗೆ ಇಳಿದು ಬೆಣಚು, ಕ್ಯಾಲ್ಸೈಟ್, ಜಿಯೋಲೈಟ್ ಎಂಬ ಗುಂಪಿನ ಖನಿಜಗಳ ಹರಳು ಬೆಳೆಸಿತು. ಮೇಲೆ ಬಿದ್ದಿರುವ ಹರಳು ಸವೆದು ಮಂಕಾಗಿರುತ್ತದೆ. ತಾಜಾ ಇರುವುದು ಹೊಸದಾಗಿ ಒಡೆದ ಕಲ್ಲಿನಲ್ಲಿ. ಹಾಗಾಗಿ ಬಸವನ ಬಾಗೇವಾಡಿ ಕಡೆ ಹೋಗುವಾಗ ಬಾವಿ ತೋಡಿ ಹೊಲದ ಬದುವಿನ ಮೇಲೆ ಹಾಕಿದ ಕಲ್ಲಿನ ಗುಡ್ಡೆ ನೋಡುತ್ತಾ ಹೋಗಿ. ರೈತರನ್ನು ಕೇಳದೆ ಹೊಲಕ್ಕೆ ಇಳಿಯಬೇಡಿ. ಕೇಳಿದರೆ ಇಲ್ಲ ಅನ್ನುವವರು ಕಡಿಮೆ. "ಬೇಕಾದಷ್ಟ ಒಯ್ರಿ, ಹೊಲಾ ಖಾಲಿ ಆಕ್ಕೈತಿ" ಅಂದವರೇ ಜಾಸ್ತಿ. ಬಾವಿಯೊಳಗೆ ಮಾತ್ರ ಇಳಿಯಬೇಡಿ. ಸಿಡಿಮದ್ದು ಹಾಕಿದ ಗೋಡೆ ಯಾವಾಗ ಕುಸಿಯುತ್ತದೋ ಹೇಳಲಾಗದು.

ಗುರುತು ಹಿಡಿಯಲು ಒಂದು ಗಾಜಿನ ಚೂರು, ಸ್ವಲ್ಪ ವಿನೆಗರ್ ಸಾಕು. ಗಾಜನ್ನು ಗೀರಿದರೆ ಬೆಣಚು. ಗೀರದೆ, ವಿನೆಗರ್‌ಗೆ ನೊರೆ ಬಂದರೆ ಕ್ಯಾಲ್ಸೈಟ್. ಎರಡೂ ಇಲ್ಲದೆ ಮುತ್ತಿನ ಹೊಳಪಿದ್ದರೆ ಸ್ಟಿಲ್‌ಬೈಟ್ ಅನ್ನುವ ಜಿಯೋಲೈಟ್ ಇರಬಹುದು. ಜಿಯೋಲೈಟ್ ಮೆತ್ತಗಿನದು, ಬ್ರಷ್ ಹಾಕಿ ತಿಕ್ಕಬೇಡಿ. ಲೋಮೊಂಟೈಟ್ ಅನ್ನುವುದಂತೂ ಒಣಗಿದರೆ ಸುಮ್ನೆ ಪುಡಿಯಾಗುತ್ತದೆ.

ಎಲ್ಲಕ್ಕಿಂತ ಮುಖ್ಯ ಚೀಟಿ. ಊರು, ಹೊಲ, ಬಾವಿಯ ಆಳ, ತಾರೀಖು ಅಲ್ಲೇ ನಿಂತು ಬರೆಯಿರಿ. ಬಾವಿಗೆ ನೀರು ಬಂದು, ಗುಡ್ಡೆಯ ಕಲ್ಲು ಕಡಿ ಮಷೀನ್‌ಗೆ ಹೋದ ಮೇಲೆ ಆ ಜಾಗದ ಹರಳು ಮತ್ತೆ ಸಿಗುವುದಿಲ್ಲ. 1863ರಲ್ಲಿ ರೈಲು ಓಡಿದ, ಮುಂಬೈ–ಪುಣೆ ನಡುವಿನ ಭೋರ್ ಘಾಟ್ ದಾರಿ ಕೊರೆಯುವಾಗ ಸಿಕ್ಕ ಜಿಯೋಲೈಟ್‌ಗಳಿಗೆ ಇವತ್ತು ಸಂಗ್ರಾಹಕರು ಮುಗಿಬೀಳುವುದು ಅದಕ್ಕೇ ಅಲ್ವಾ? ಚೀಟಿ ಕಳೆದ ಹಳೆ ಹರಳನ್ನು ಯಾರಾದರೂ ಮಾರಲು ಬಂದರೆ, ಚಂದ ಅಂತ ಕೊಳ್ಳಿ, ಹಳೆಯದು ಅಂತ ದುಡ್ಡು ಜಾಸ್ತಿ ಕೊಡಬೇಡಿ. ಹಳೆ ಚೀಟಿ ಇದ್ದರೆ, ಎಷ್ಟೇ ಹರಿದಿರಲಿ, ಬಿಸಾಡಬೇಡಿ. ನಿಮ್ಮ ಚೀಟಿಯನ್ನು ಪಕ್ಕದಲ್ಲಿ ಇಡಿ.

ಕೃಷ್ಣೆ ದಾಟಿ ಬಾಗಲಕೋಟೆ ಕಡೆ ಬಂದರೆ ಕಲ್ಲೇ ಬೇರೆ. ಊರಿಂದ 20–25 ಕಿ.ಮೀ. ದೂರದ ಕಲಾದಗಿ ತಪ್ಪಿಸಬೇಡಿ. 1885ರ ತನಕ ಜಿಲ್ಲಾ ಕೇಂದ್ರವಾಗಿದ್ದ ಊರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯ ಕಲ್ಲುಗಳ ವರದಿಯನ್ನು 1876ರಲ್ಲಿ ಪ್ರಕಟಿಸಿದರು. ಇಲ್ಲಿನ ಸುಣ್ಣದ ಕಲ್ಲು, ಬೆಣಚುಕಲ್ಲಿನ ಪದರಗಳಿಗೆ ಭೂವಿಜ್ಞಾನದಲ್ಲಿ ಇಂದಿಗೂ ಕಲಾದಗಿ ಹೆಸರೇ. ಹೊಳೆಯುವ ಹರಳು ಹುಡುಕಿದರೆ ಇಲ್ಲಿ ಬೇಜಾರಾಗುತ್ತದೆ. ಸುಣ್ಣದ ಕಲ್ಲು ವಿನೆಗರ್‌ಗೆ ನೊರೆ ಬಿಡುತ್ತದೆ, ಅದನ್ನೇ ಹೋಲುವ ಡೋಲೊಮೈಟ್ ಕಲ್ಲು ಪುಡಿ ಮಾಡಿದರಷ್ಟೇ ಸ್ವಲ್ಪ. ಎರಡರದ್ದೂ ಒಂದೊಂದು ತುಂಡು ಸಾಕು. ಘಟಪ್ರಭೆಯ ಹಳೆ ದಂಡೆಯ ಕೆಲವು ಕಡೆ ಈಗ ಆಲಮಟ್ಟಿ ಹಿನ್ನೀರು ನಿಲ್ಲುತ್ತದೆ. ಬೇಸಿಗೆಯಲ್ಲಿ ನೀರು ಸರಿದಾಗ ಹೋದರೆ ನೋಡಲು ಜಾಗ ಜಾಸ್ತಿ.

ಬಾದಾಮಿಯಲ್ಲಿ ಕೆಂಪು ಮರಳುಗಲ್ಲು ನೋಡಿ, ಫೋಟೋ ತೆಗೆಯಿರಿ. ಗುಹೆಗಳ ಸುತ್ತ ಸಂರಕ್ಷಿತ ಜಾಗ, ಒಂದು ಚೂರನ್ನೂ ಎತ್ತಬೇಡಿ. ಮಲಪ್ರಭೆ ದಂಡೆಯಲ್ಲಿ ಶಿಲಾಯುಗದ ಕೈಕೊಡಲಿ ಕಂಡರೆ ಅಲ್ಲೇ ಬಿಟ್ಟು ಪುರಾತತ್ವ ಇಲಾಖೆಗೆ ತಿಳಿಸಿ. ಅದು ಖನಿಜದ ಲೆಕ್ಕಕ್ಕೆ ಬರುವುದಿಲ್ಲ, 1972ರ ಪುರಾತನ ವಸ್ತುಗಳ ಕಾಯ್ದೆಯ ಲೆಕ್ಕಕ್ಕೆ ಬರುತ್ತದೆ. ಗುತ್ತಿಗೆ ಇರುವ ಕ್ವಾರಿಗೂ ಒಪ್ಪಿಗೆ ಇಲ್ಲದೆ ಹೋಗಬೇಡಿ.

ವಾಪಸ್ ಬರುವಾಗ ಹರಳಿನ ಡಬ್ಬಿಯನ್ನು ಬಸ್ಸಿನ ಡಿಕ್ಕಿಗೆ ಹಾಕದೆ ತೊಡೆ ಮೇಲೆ ಇಟ್ಟುಕೊಳ್ಳಿ. ಸೂಜಿಯಂಥ ಹರಳಿಗೆ ಹತ್ತಿ ಬೇಡ, ಎಳೆ ಸಿಕ್ಕಿಕೊಂಡು ತುದಿ ಮುರಿಯುತ್ತದೆ. ಡಬ್ಬಿಯ ತಳಕ್ಕೆ ಕಲ್ಲಿನ ಬುಡ ಅಲುಗದಂತೆ ಕೂರಿಸಿ, ಹರಳಿನ ಮೇಲೆ ಏನೂ ತಾಗದಂತೆ ಜಾಗ ಬಿಡಿ.