‘ಎಲ್ಲರಿಗೂ ಆಗುತ್ತೆ ಬಿಡು’ ಅನ್ನುವ ಮುಂಚೆ ಪ್ಯಾಡ್ ಎಣಿಸಿ

ಶಿವಮೊಗ್ಗ ಕಡೆಯ ಒಂದು ತಾಲೂಕು ಆಸ್ಪತ್ರೆಯ ಸ್ನೇಹ ಕ್ಲಿನಿಕ್‌ನಲ್ಲಿ ನಾನು ಆಪ್ತ ಸಮಾಲೋಚಕಿ. 10ರಿಂದ 19 ವರ್ಷದ ಮಕ್ಕಳ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಔಷಧಿ ಬರೆಯುವವರು ಡಾಕ್ಟರ್. ಅವರ ಕೋಣೆಗೆ ಹೋಗುವ ಮುಂಚೆ ಹುಡುಗಿಯ ಬಾಯಿಂದ ವಿಷಯ ಹೊರಗೆ ಬರುವುದು ನನ್ನ ಟೇಬಲ್ ಎದುರು. ಬರುವ ಹುಡುಗಿಯರಲ್ಲಿ ತುಂಬಾ ಜನರ ಕಷ್ಟ ಮುಟ್ಟಿನದ್ದೇ. ಕೆಲವರಿಗೆ ತಿಂಗಳುಗಟ್ಟಲೆ ಆಗುವುದಿಲ್ಲ, ಕೆಲವರಿಗೆ ಶುರುವಾದರೆ ನಿಲ್ಲುವುದಿಲ್ಲ, ಕೆಲವರು ಹೊಟ್ಟೆ ಹಿಡಿದುಕೊಂಡು ಬರುತ್ತಾರೆ.

‘ಸರಿಯಾಗಿ ಆಗ್ತಿದೆಯಾ?’ ಅಂತ ಕೇಳಿದರೆ ಹೆಚ್ಚಿನವರ ಉತ್ತರ ‘ಹ್ಞೂಂ’. ಸುಳ್ಳು ಹೇಳುತ್ತಾರೆ ಅಂತಲ್ಲ. ಹೋಲಿಸಿ ನೋಡಲು ಅವರಿಗೆ ಇರುವುದು ಅವರದೇ ಮೈ, ಇಲ್ಲವೇ ಅಮ್ಮನ ಮಾತು. ಎಂಟು ದಿನ ಆಗುವುದು, ರಾತ್ರಿ ಹಾಸಿಗೆ ಒದ್ದೆಯಾಗುವುದು ಅಮ್ಮನಿಗೂ ಇತ್ತು ಅಂದರೆ ಮಗಳಿಗೆ ಅದೇ ಸರಿ. ಅದಕ್ಕೇ ಎಣಿಸಿ ಹೇಳುವಂಥ ಪ್ರಶ್ನೆಗಳನ್ನೇ ಕೇಳಬೇಕು ಅನ್ನುವುದು ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ. ಕಳೆದ ಸಲ ಎಷ್ಟು ದಿನ ಆಯಿತು? ಜಾಸ್ತಿ ಹೋದ ದಿನ ಎಷ್ಟು ಪ್ಯಾಡ್ ಬದಲಿಸಿದೆ? ಬದಲಿಸುವಾಗ ಅದು ಪೂರ್ತಿ ನೆನೆದಿತ್ತಾ, ಅರ್ಧವಾ? ರಾತ್ರಿ ಎದ್ದು ಬದಲಿಸಬೇಕಾಯಿತಾ? ನಾಣ್ಯಕ್ಕಿಂತ ದೊಡ್ಡ ರಕ್ತದ ಗಡ್ಡೆ ಬಿತ್ತಾ? ಹೊಟ್ಟೆನೋವು ಅಂತ ಈ ತಿಂಗಳು ಎಷ್ಟು ದಿನ ಸ್ಕೂಲಿಗೆ ಹೋಗಲಿಲ್ಲ?

ಹೀಗೆ ಕೇಳಿದಾಗ ಹುಡುಗಿ ಬೆರಳು ಮಡಚಿ ಎಣಿಸಲು ಶುರು ಮಾಡುತ್ತಾಳೆ. ಎಣಿಸುತ್ತಾ ನಾಚಿಕೆ ಮರೆಯುತ್ತಾಳೆ. ನಡುವೆ ಒಮ್ಮೆ ನಿಂತು, ‘ಮೇಡಂ, ಇಷ್ಟು ಆಗಬಾರದಾ?’ ಅಂತ ಅವಳೇ ಕೇಳುತ್ತಾಳೆ.

ಮುಂದಿನ ಸಲ ಬರುವಾಗ ಬರೆದುಕೊಂಡು ಬಾ ಅನ್ನುತ್ತೇನೆ. ಗೋಡೆಯ ಕ್ಯಾಲೆಂಡರ್ ಮೇಲೆ ಗುರುತು ಹಾಕು ಅಂದರೆ ಆಗುವುದಿಲ್ಲ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಎಲ್ಲಾ ಅದರ ಮೇಲೇ ಇರುತ್ತದೆ, ಅಪ್ಪ ಅಣ್ಣ ದಿನಾ ನೋಡುತ್ತಾರೆ. ಹಾಗಾಗಿ ರಫ್ ನೋಟ್‌ಬುಕ್ಕಿನ ಕೊನೆ ಹಾಳೆ. ತಾರೀಖು ಬರೆದು, ಪೂರ್ತಿ ನೆನೆದ ಪ್ಯಾಡಿಗೆ ತುಂಬಿದ ಸೊನ್ನೆ, ಅರ್ಧ ನೆನೆದದ್ದಕ್ಕೆ ಖಾಲಿ ಸೊನ್ನೆ, ನೋವಿಗೆ ಮಾತ್ರೆ ತಗೊಂಡಿದ್ದರೆ ಪಕ್ಕದಲ್ಲಿ ಒಂದು ಅಡ್ಡಗೆರೆ. ಬೇರೆ ಯಾರು ನೋಡಿದರೂ ಅರ್ಥವಾಗದ ಹಾಳೆ. ಮೊಬೈಲ್ ಆ್ಯಪ್ ಇಲ್ವಾ ಅಂತ ಕೆಲವರು ಕೇಳುತ್ತಾರೆ. ಇದೆ, ಆದರೆ ನಮ್ಮ ಕಡೆ ಹುಡುಗಿಯ ಕೈಯಲ್ಲಿ ಮೊಬೈಲ್ ಇರುವುದಿಲ್ಲ. ಇದ್ದರೂ ಅದು ಮನೆಯವರೆಲ್ಲರದ್ದು. ಮೂರು ತಿಂಗಳ ಆ ಹಾಳೆ ಕೈಗೆ ಬಂದರೆ ನಮ್ಮ ಡಾಕ್ಟರ್ ಅರ್ಧ ಕೆಲಸ ಮುಗಿಯಿತು ಅನ್ನುತ್ತಾರೆ.

ಮೊದಲು ಏರುಪೇರಿನ ವಿಷಯ. ಇದಕ್ಕೆ ತಾಯಂದಿರು ಹೆದರುವಷ್ಟು ಬೇರೆ ಯಾವುದಕ್ಕೂ ಹೆದರುವುದಿಲ್ಲ. ನಿಜ ಹೇಳಬೇಕೆಂದರೆ ಮೂರರಲ್ಲಿ ಜಾಸ್ತಿ ಸಮಾಧಾನ ಹೇಳಬಹುದಾದದ್ದು ಇದೇ. ದೊಡ್ಡವಳಾದ ಮೊದಲ ಒಂದೆರಡು ವರ್ಷ ಮೆದುಳಿಗೂ ಅಂಡಾಶಯಕ್ಕೂ ನಡುವಿನ ಹಾರ್ಮೋನ್ ಹೊಂದಾಣಿಕೆ ಇನ್ನೂ ಕೂಡಿಬಂದಿರುವುದಿಲ್ಲ. ಎಷ್ಟೋ ತಿಂಗಳು ಅಂಡ ಬಿಡುಗಡೆಯೇ ಆಗುವುದಿಲ್ಲ. ಅದಕ್ಕೇ ಒಂದು ಸಲ ಬೇಗ, ಒಂದು ಸಲ ತಡ. ಈ ವಯಸ್ಸಿನಲ್ಲಿ ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನದರ ಮೊದಲ ದಿನಕ್ಕೆ 21ರಿಂದ 45 ದಿನ ಇದ್ದರೆ ಚಿಂತೆ ಬೇಡ. ದೊಡ್ಡವರ 28 ದಿನದ ಲೆಕ್ಕವನ್ನು 12 ವರ್ಷದವಳ ಮೇಲೆ ಹೇರುವುದು ತಪ್ಪು. ಮೂರನೇ ವರ್ಷದ ಹೊತ್ತಿಗೆ ಹೆಚ್ಚಿನವರಿಗೆ ತಾನಾಗೇ ಒಂದು ಲಯಕ್ಕೆ ಬರುತ್ತದೆ.

ಹಾಗಂತ ಸುಮ್ನೆ ಕೂರಬಾರದ ಸಂದರ್ಭಗಳೂ ಇವೆ. ಒಮ್ಮೆಯಾದರೂ 90 ದಿನ ದಾಟಿ ಆಗದೇ ಇದ್ದರೆ ತೋರಿಸಬೇಕು. 15 ವರ್ಷ ತುಂಬಿದರೂ ಮೈನೆರೆಯದೇ ಇದ್ದರೆ, 13 ತುಂಬಿದರೂ ಎದೆ ಬೆಳವಣಿಗೆಯೇ ಶುರುವಾಗದಿದ್ದರೆ ತೋರಿಸಬೇಕು. ಮುಟ್ಟೇ ಆಗಿಲ್ಲ, ಆದರೆ ತಿಂಗಳಿಗೊಮ್ಮೆ ಕೆಳಹೊಟ್ಟೆ ಹಿಂಡುತ್ತದೆ ಅಂದರೆ ಒಂದು ದಿನವೂ ತಡ ಮಾಡಬೇಡಿ. ಒಳಗೆ ರಕ್ತ ಹೊರಬರಲು ದಾರಿ ಇಲ್ಲದೆ ಕಟ್ಟಿಕೊಂಡಿರಬಹುದು. ಥೈರಾಯ್ಡ್, ಊಟ ಬಿಟ್ಟು ತೂಕ ಇಳಿಸಿಕೊಂಡದ್ದು, ವಿಪರೀತ ಕ್ರೀಡಾ ತರಬೇತಿ, ಮನಸ್ಸಿನ ಒತ್ತಡ, ಇವೂ ಮುಟ್ಟನ್ನು ನಿಲ್ಲಿಸುತ್ತವೆ. ಗರ್ಭವೂ ನಿಲ್ಲಿಸುತ್ತದೆ. ಆ ಪ್ರಶ್ನೆಯನ್ನು ಹುಡುಗಿ ಒಬ್ಬಳೇ ಇದ್ದಾಗ, ಬಾಗಿಲು ಹಾಕಿ, ಮೆಲ್ಲಗೆ ಕೇಳಬೇಕು. ಅದರಲ್ಲಿ ಅವಳನ್ನು ಅನುಮಾನಿಸುವ ಮಾತೇ ಇಲ್ಲ. ಅವಳಿಗೆ ಯಾರಾದರೂ ಅನ್ಯಾಯ ಮಾಡಿದ್ದರೆ ಹೇಳಿಕೊಳ್ಳಲು ಸಿಗುವ ಜಾಗ ಅದೊಂದೇ ಆಗಿರಬಹುದು.

ಇನ್ನು ಸ್ಕ್ಯಾನಿಂಗ್ ರಿಪೋರ್ಟ್. ಎರಡು ತಿಂಗಳು ಮುಟ್ಟಾಗಲಿಲ್ಲ ಅಂತ ತಾವೇ ಹೋಗಿ ಸ್ಕ್ಯಾನ್ ಮಾಡಿಸಿ, ‘ಪಿಸಿಓಡಿ’ (ಪಿಸಿಓಎಸ್ ಅಂತಲೂ ಕರೆಯುವ, ಹಾರ್ಮೋನ್ ಏರುಪೇರಿನಿಂದ ಮುಟ್ಟು ತಪ್ಪುವ ತೊಂದರೆ) ಅಂತ ಬರೆಸಿಕೊಂಡು ಅಳುತ್ತಾ ಬರುವ ತಾಯಿ ಮಗಳನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹದಿಹರೆಯದ ಅಂಡಾಶಯದಲ್ಲಿ ಸಣ್ಣ ಸಣ್ಣ ಗುಳ್ಳೆಗಳಂತೆ ಕೋಶಗಳು ಕಾಣುವುದು ಸಹಜ. ಅದಕ್ಕೇ ಮೊದಲ ಮುಟ್ಟಾಗಿ 8 ವರ್ಷ ಆಗುವವರೆಗೆ ಬರೀ ಸ್ಕ್ಯಾನ್ ನೋಡಿ ಪಿಸಿಓಎಸ್ ಅನ್ನಬಾರದು ಅಂತ 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳಿತು. 2023ರದ್ದೂ ಸ್ಕ್ಯಾನ್ ಮೇಲೆ ನಿಲ್ಲಬೇಡಿ ಅನ್ನುತ್ತದೆ. ಈ ವಯಸ್ಸಿನಲ್ಲಿ ಪಿಸಿಓಎಸ್ ಅನ್ನಬೇಕಾದರೆ ಮುಟ್ಟಿನ ಏರುಪೇರೂ ಇರಬೇಕು, ಗಂಡು ಹಾರ್ಮೋನ್ ಜಾಸ್ತಿ ಇರುವ ಲಕ್ಷಣವೂ ಇರಬೇಕು. ಅಂದರೆ ಗಲ್ಲ, ಎದೆ, ಹೊಟ್ಟೆ ಮೇಲೆ ದಪ್ಪ ಕೂದಲು, ವಾಸಿಯಾಗದ ಜೋರು ಮೊಡವೆ, ಇಲ್ಲವೇ ರಕ್ತ ಪರೀಕ್ಷೆಯಲ್ಲಿ ಸಿಕ್ಕ ಸಾಕ್ಷಿ. ‘ಇವಳಿಗೆ ಮುಂದೆ ಮಕ್ಕಳಾಗುತ್ತಾ?’ ಅಂತ 14 ವರ್ಷದವಳ ಎದುರೇ ಅಮ್ಮ ಕೇಳುತ್ತಾರೆ. ಆ ಮಾತು ಹುಡುಗಿಯ ಮನಸ್ಸಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ನನಗೆ ಜಾಸ್ತಿ ಭಯ ಇರುವುದು ಅತಿ ರಕ್ತಸ್ರಾವದ ಬಗ್ಗೆ. ಯಾಕೆಂದರೆ ಇದನ್ನು ಹೇಳಿಕೊಂಡು ಬರುವವರೇ ಕಡಿಮೆ. ಸುಸ್ತು, ತಲೆಸುತ್ತು, ಓದಿದ್ದು ತಲೆಗೆ ಹತ್ತುತ್ತಿಲ್ಲ, ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತದೆ ಅಂತ ಬರುತ್ತಾರೆ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಬೆಳ್ಳಗೆ. ಹಿಮೋಗ್ಲೋಬಿನ್ 12 ಇರಬೇಕಾದ ಕಡೆ 8, 9. ‘ಊಟ ಸರಿ ಮಾಡಲ್ಲ ಮೇಡಂ, ಬರೀ ಕುರ್‌ಕುರೆ’ ಅಂತ ಮನೆಯವರು ಬೈಯುತ್ತಾರೆ. ಊಟದ ಪಾಲೂ ಇರಬಹುದು. ಆದರೆ ಪ್ಯಾಡ್ ಲೆಕ್ಕ ಕೇಳದೇ ಊಟವನ್ನೇ ದೂರಿದರೆ ತುಂಬಿಸಿದಷ್ಟೂ ಸೋರುತ್ತಲೇ ಇರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59ರಷ್ಟು ಜನರಿಗೆ ರಕ್ತಹೀನತೆ ಇತ್ತು. ಇಷ್ಟು ಜನರಿಗೆ ಇದ್ದಾಗ ಬಿಳಿಚಿದ ಮುಖವೇ ಸಹಜ ಅನ್ನಿಸಿಬಿಡುತ್ತದೆ ಅಲ್ವಾ?

ಲೆಕ್ಕ ಇಷ್ಟೇ. ಏಳು ದಿನ ದಾಟಿದರೆ, ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ನೆನೆದರೆ, ಎರಡೆರಡು ಪ್ಯಾಡ್ ಒಟ್ಟಿಗೆ ಇಟ್ಟುಕೊಂಡರೂ ಬಟ್ಟೆಗೆ ಹತ್ತಿದರೆ, ನಾಣ್ಯಕ್ಕಿಂತ ದೊಡ್ಡ ಗಡ್ಡೆ ಹೋದರೆ ಅದು ಜಾಸ್ತಿ. ಸಾಮಾನ್ಯವಾಗಿ ದಿನಕ್ಕೆ ಮೂರರಿಂದ ಆರು ಪ್ಯಾಡ್ ಸಾಕಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಬದಲಿಸಿದ ಪ್ಯಾಡ್ ಕಡಿಮೆ ಅಂದ ಮಾತ್ರಕ್ಕೆ ರಕ್ತ ಕಡಿಮೆ ಅಂತಲ್ಲ. ಸ್ಕೂಲಿನ ಶೌಚಾಲಯದಲ್ಲಿ ನೀರಿಲ್ಲ ಅಂತ ಬೆಳಗ್ಗೆ ಇಟ್ಟುಕೊಂಡದ್ದನ್ನೇ ಸಂಜೆವರೆಗೂ ಎಳೆಯುವವರು ಇದ್ದಾರೆ. ಸರ್ಕಾರ ಉಚಿತವಾಗಿ ಪ್ಯಾಡ್ ಕೊಡುವ ‘ಶುಚಿ’ ಯೋಜನೆಯ ಪೊಟ್ಟಣವನ್ನು ಅಕ್ಕ ತಂಗಿ ಹಂಚಿಕೊಳ್ಳುವ ಮನೆಗಳೂ ಇವೆ. ಬಟ್ಟೆ ಬಳಸುವವರ ಲೆಕ್ಕವೇ ಬೇರೆ. ಅದಕ್ಕೇ ಎಷ್ಟು ಅನ್ನುವುದರ ಜೊತೆಗೆ ಎಷ್ಟು ನೆನೆದಿತ್ತು ಅಂತಲೂ ಕೇಳಬೇಕು.

ಮೊದಲ ಮುಟ್ಟಿನಿಂದಲೇ ಹೀಗೆ ಹೋಗುತ್ತಿದ್ದರೆ ಇನ್ನೂ ಕೆಲವು ಪ್ರಶ್ನೆ. ಮೂಗಿನಲ್ಲಿ ಆಗಾಗ ರಕ್ತ ಬರುತ್ತಾ? ಹಲ್ಲುಜ್ಜಿದರೆ ವಸಡಿನಲ್ಲಿ? ತಾಗಿದ್ದೂ ಗೊತ್ತಿಲ್ಲದೆ ಮೈಮೇಲೆ ನೀಲಿ ಕಲೆ ಬೀಳುತ್ತಾ? ಹಲ್ಲು ಕಿತ್ತಾಗ ತುಂಬಾ ಹೊತ್ತು ನಿಲ್ಲಲಿಲ್ವಾ? ಅಮ್ಮನಿಗೆ ಹೆರಿಗೆಯಲ್ಲಿ ರಕ್ತ ಕೊಡಬೇಕಾಯಿತಾ? ಜಾಸ್ತಿ ರಕ್ತಸ್ರಾವ ಇರುವ ಹದಿಹರೆಯದವರಲ್ಲಿ ಐದರಲ್ಲಿ ಒಬ್ಬರವರೆಗೂ ರಕ್ತ ಹೆಪ್ಪುಗಟ್ಟುವಿಕೆಯ ತೊಂದರೆ ಇರಬಹುದು ಅನ್ನುತ್ತಾರೆ ತಜ್ಞರು. ಅದರಲ್ಲಿ ಮುಖ್ಯವಾದದ್ದು ವಾನ್ ವಿಲ್ಲೆಬ್ರಾಂಡ್ ಕಾಯಿಲೆ. ಫಿನ್ಲೆಂಡ್‌ನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ 1926ರಲ್ಲಿ ಇದನ್ನು ಮೊದಲು ವಿವರಿಸಿದರು. ಅವರು ನೋಡಿದ್ದು ಓಲಂಡ್ ದ್ವೀಪಗಳ ಒಂದು ಕುಟುಂಬದ ಪುಟ್ಟ ಹುಡುಗಿಯನ್ನು. ಆ ಮಗು ಮುಂದೆ 13ನೇ ವಯಸ್ಸಿನಲ್ಲಿ, ತನ್ನ ನಾಲ್ಕನೇ ಮುಟ್ಟಿನ ರಕ್ತಸ್ರಾವದಲ್ಲಿ ತೀರಿಕೊಂಡಳು. ಇದು ವಂಶದಲ್ಲಿ ಬರುವ ಕಾಯಿಲೆ. ‘ನಮ್ಮ ಮನೆ ಹೆಣ್ಣುಮಕ್ಕಳಿಗೆಲ್ಲ ಹೀಗೇ’ ಅನ್ನುವ ಮಾತು ಕೇಳಿದಾಗ ಎಲ್ಲರೂ ಸಮಾಧಾನ ಮಾಡಿಕೊಳ್ಳುತ್ತಾರೆ. ನನಗೆ ಮಾತ್ರ ಆ ಮಾತು ಕೇಳಿದರೆ ಡಾಕ್ಟರ್ ಹತ್ತಿರ ಕಳಿಸುವ ಅವಸರವಾಗುತ್ತದೆ.

ಚಿಕಿತ್ಸೆ ಇದೆ. ರಕ್ತಸ್ರಾವ ಕಡಿಮೆ ಮಾಡಲು ಆ ದಿನಗಳಲ್ಲಿ ಮಾತ್ರ ತಗೊಳ್ಳುವ ಟ್ರಾನೆಕ್ಸಾಮಿಕ್ ಆ್ಯಸಿಡ್, ಬೇಕಾದರೆ ಹಾರ್ಮೋನ್ ಮಾತ್ರೆ, ಜೊತೆಗೆ ಕಬ್ಬಿಣ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಅದು ರಕ್ತಹೀನತೆ ಬಾರದಂತೆ ತಡೆಯಲು. ಈಗಾಗಲೇ ಬಂದಿದ್ದರೆ ಅದಷ್ಟೇ ಸಾಲದು, ಡಾಕ್ಟರ್ ಹೇಳಿದಂತೆ ದಿನಾ ಬೇಕು. ಹಿಮೋಗ್ಲೋಬಿನ್ ಸರಿಯಾದ ಮೇಲೂ ಕೆಲವು ತಿಂಗಳು ಬಿಡಬಾರದು, ಒಳಗಿನ ದಾಸ್ತಾನು ತುಂಬಬೇಕು. ಕಾಫಿ ಟೀ ಜೊತೆ ಬೇಡ. ನಿಂಬೆಹಣ್ಣಿನ ಪಾನಕ, ಪೇರಲೆ, ನೆಲ್ಲಿಕಾಯಿ ಜೊತೆ ಒಳ್ಳೆಯದು. ಮಲ ಕಪ್ಪಗೆ ಹೋಗುತ್ತದೆ ಅಂತ ಮೊದಲೇ ಹೇಳಿಬಿಡುತ್ತೇನೆ. ಹೇಳದಿದ್ದರೆ ಹೆದರಿ ಎರಡನೇ ದಿನವೇ ನಿಲ್ಲಿಸಿಬಿಡುತ್ತಾರೆ.

ಹಾರ್ಮೋನ್ ಮಾತ್ರೆ ಅಂದ ಕೂಡಲೇ ತಾಯಂದಿರ ಮುಖ ಬಾಡುತ್ತದೆ. ಮದುವೆಯಾಗದ ಹುಡುಗಿಗೆ ‘ಆ ಮಾತ್ರೆ’ಯಾ ಅನ್ನುತ್ತಾರೆ. ರಕ್ತ ಹತೋಟಿಗೆ ತರಲು ಕೊಡುವುದು, ಡಾಕ್ಟರ್ ನೋಡಿ ಕೊಟ್ಟಾಗ ಮುಂದೆ ಮಕ್ಕಳಾಗುವುದಕ್ಕೆ ಅದರಿಂದ ಅಡ್ಡಿಯಿಲ್ಲ ಅಂತ ತಾಳ್ಮೆಯಿಂದ ಹೇಳಬೇಕಾಗುತ್ತದೆ. ಆದರೆ ಅದೇ ಮನೆಯಲ್ಲಿ ಜಾತ್ರೆಗೋ ಗೃಹಪ್ರವೇಶಕ್ಕೋ ಅಂತ ಮೆಡಿಕಲ್ ಶಾಪಿನಿಂದ ಮುಟ್ಟು ಮುಂದೂಡುವ ಮಾತ್ರೆ ತಂದು ಮಗಳಿಗೆ ನುಂಗಿಸಿರುತ್ತಾರೆ! ಅದೂ ಹಾರ್ಮೋನೇ. ಅದು ಮುಗಿದ ಮೇಲೆ ರಕ್ತ ಜೋರಾಗಿ ಹೋಗಿ ಗಾಬರಿಯಾಗುವುದೂ ಉಂಟು. ಡಾಕ್ಟರನ್ನು ಕೇಳದೇ ಕೊಡಬೇಡಿ ಅಂತ ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಹೊಟ್ಟೆನೋವಿಗೆ ಬಂದರೆ, ಇಲ್ಲಿ ಮಾತ್ರೆಗಿಂತ ಮಾತ್ರೆ ತಗೊಳ್ಳುವ ಹೊತ್ತು ಮುಖ್ಯ. ಮುಟ್ಟಿನ ಹೊತ್ತಿಗೆ ಗರ್ಭಕೋಶದ ಒಳಪದರದಲ್ಲಿ ಪ್ರೊಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕ ತಯಾರಾಗುತ್ತದೆ. ಅದು ಗರ್ಭಕೋಶವನ್ನು ಹಿಂಡುತ್ತದೆ. ವಾಂತಿ, ಭೇದಿ, ತಲೆನೋವು ಬರುವುದೂ ಅದರಿಂದಲೇ. ಐಬುಪ್ರೊಫೆನ್, ಮೆಫೆನಾಮಿಕ್ ಆ್ಯಸಿಡ್ ಥರದ ಮಾತ್ರೆ ಆ ರಾಸಾಯನಿಕ ತಯಾರಾಗುವುದನ್ನೇ ತಡೆಯುತ್ತವೆ. ತಯಾರಾಗಿ ಹಿಂಡಲು ಶುರುವಾದ ಮೇಲೆ, ತಡೆಯಲಾರದೆ ಸಂಜೆ ಒಂದು ನುಂಗಿದರೆ ಅಷ್ಟಾಗಿ ಕೇಳುವುದಿಲ್ಲ. ‘ಮಾತ್ರೆ ತಗೊಂಡ್ರೂ ಕಡಿಮೆ ಆಗಲ್ಲ’ ಅನ್ನುವವರ ಹಾಳೆಯಲ್ಲಿ ಅಡ್ಡಗೆರೆ ಎಲ್ಲಿದೆ ಅಂತ ನೋಡಿ. ಹೆಚ್ಚಾಗಿ ಮೊದಲ ದಿನದ ಕೊನೆಗೋ ಎರಡನೇ ದಿನಕ್ಕೋ ಇರುತ್ತದೆ. ನೋವು ಶುರುವಾಗುವ ಸೂಚನೆ ಸಿಕ್ಕಾಗಲೇ, ಊಟ ಮಾಡಿ, ಡಾಕ್ಟರ್ ಹೇಳಿದ ಪ್ರಮಾಣದಲ್ಲಿ, ಮೊದಲ ಎರಡು ಮೂರು ದಿನ ಹೊತ್ತು ಹೊತ್ತಿಗೆ ತಗೊಂಡರೆ ಅದೇ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. ಹೊಟ್ಟೆಹುಣ್ಣು, ಆಸ್ತಮಾ, ಕಿಡ್ನಿ ತೊಂದರೆ ಇದ್ದವರು, ರಕ್ತ ಹೆಪ್ಪುಗಟ್ಟದ ಅನುಮಾನ ಇದ್ದವರು ಕೇಳದೇ ಇವನ್ನು ಮುಟ್ಟಬಾರದು. ಬಿಸಿನೀರಿನ ಚೀಲ ನಿಜಕ್ಕೂ ನೋವು ಕಡಿಮೆ ಮಾಡುತ್ತದೆ. ಅಜ್ಜಿಯ ಜೀರಿಗೆ ಕಷಾಯ, ಎಳ್ಳುಂಡೆಗೆ ನನ್ನ ತಕರಾರಿಲ್ಲ. ಅದೇ ಚಿಕಿತ್ಸೆ ಅಂತ ಮಾತ್ರೆ ತಪ್ಪಿಸಿದರೆ ಮಾತ್ರ ತಕರಾರು.

‘ಮದುವೆಯಾಗಿ ಒಂದು ಹೆರಿಗೆಯಾದ್ರೆ ಹೋಗುತ್ತೆ’ ಅನ್ನುವ ಮಾತು ನನಗೆ ತುಂಬಾ ಸಿಟ್ಟು ತರಿಸುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್‌ನಲ್ಲಿದೆ, ಅವಳಿಗೆ ಇವತ್ತು ನೋವು. ಸರಿಯಾದ ಹೊತ್ತಿಗೆ ಸರಿಯಾಗಿ ಮಾತ್ರೆ ತಗೊಂಡೂ ಮೂರ್ನಾಲ್ಕು ತಿಂಗಳಲ್ಲಿ ಸುಧಾರಿಸದಿದ್ದರೆ, ವರ್ಷದಿಂದ ವರ್ಷಕ್ಕೆ ಜಾಸ್ತಿಯಾಗುತ್ತಿದ್ದರೆ, ಮುಟ್ಟಿಲ್ಲದ ದಿನಗಳಲ್ಲೂ ನೋವಿದ್ದರೆ, ಮಲ ಮೂತ್ರ ಮಾಡುವಾಗ ನೋವಿದ್ದರೆ ಎಂಡೋಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥದ್ದೇ ಪದರ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ ಇರಬಹುದು. ಅದು ದೊಡ್ಡವರಿಗೆ ಮಾತ್ರ ಬರುವ ಕಾಯಿಲೆ ಅಲ್ಲ. ಸ್ಕ್ಯಾನ್ ಸರಿಯಿದೆ ಅಂದರೂ ಇಲ್ಲ ಅಂತ ಹೇಳಲಾಗುವುದಿಲ್ಲ. ಇಂಥವರನ್ನು ನಾವು ಜಿಲ್ಲಾಸ್ಪತ್ರೆಯ ಸ್ತ್ರೀರೋಗ ತಜ್ಞರಿಗೆ ಕಳಿಸುತ್ತೇವೆ.

ಕಳಿಸುವುದು ಸುಲಭ, ಹೋಗುವುದು ಕಷ್ಟ. ಅಡಿಕೆ ಸುಲಿಯುವ ಕಾಲದಲ್ಲಿ ಅಮ್ಮನಿಗೆ ಒಂದು ದಿನದ ಕೂಲಿ ಬಿಡುವುದೆಂದರೆ ಸಣ್ಣ ಮಾತಲ್ಲ. ಅದಕ್ಕೇ ಒಂದೇ ಓಡಾಟದಲ್ಲಿ ಕೆಲಸ ಆಗುವಂತೆ ನೋಡಿಕೊಳ್ಳುತ್ತೇನೆ. ನೀವು ಮಗಳನ್ನು ಎಲ್ಲಿಗೇ ಕರೆದುಕೊಂಡು ಹೋಗಿ, ಆ ಸೊನ್ನೆಗಳ ಹಾಳೆ, ಹಳೆಯ ರಕ್ತ ಪರೀಕ್ಷೆಯ ಚೀಟಿ, ತಗೊಂಡ ಮಾತ್ರೆಯ ಖಾಲಿ ಪಟ್ಟಿ, ಇಷ್ಟು ಜೊತೆಗಿರಲಿ. ಅಮ್ಮನ ಮುಟ್ಟು, ಅಮ್ಮನ ಹೆರಿಗೆಯ ವಿಷಯವನ್ನೂ ಹೇಳಿ. ಆಮೇಲೆ ಐದು ನಿಮಿಷ ನೀವು ಹೊರಗೆ ಕೂತು, ಮಗಳನ್ನು ಒಬ್ಬಳೇ ಮಾತಾಡಲು ಬಿಡಿ. ಎರಡು ಗಂಟೆ ಬಿಡದೇ ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆಯುತ್ತಿದ್ದರೆ, ನಿಂತರೆ ಕಣ್ಣು ಕತ್ತಲೆ ಬರುತ್ತಿದ್ದರೆ ಹಾಳೆ ಹುಡುಕುತ್ತಾ ಕೂರಬೇಡಿ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ. ಯಾರನ್ನು ಕೇಳಬೇಕು ಅಂತ ಗೊತ್ತಾಗದಿದ್ದಾಗ ಸಲಹೆಗೆ ಆರೋಗ್ಯ ಸಹಾಯವಾಣಿ 104 ಇದೆ, ತುರ್ತಿಗೆ ಆ್ಯಂಬುಲೆನ್ಸ್ 108.