ಅರವತ್ತರಲ್ಲಿ ಆಟೋಮ್ಯಾಟಿಕ್ ಕಾರು: ಮೊದಲ ಪಾಠ ಎಡಗಾಲಿಗೆ

ಮೂವತ್ತು ವರ್ಷ ಗೇರ್ ಗಾಡಿ ಓಡಿಸಿದವರ ಎಡಗಾಲು ಯಾರ ಮಾತನ್ನೂ ಕೇಳುವುದಿಲ್ಲ. ಮುಂದೆ ಹಂಪ್ ಕಂಡರೆ, ಸಿಗ್ನಲ್ ಕೆಂಪಾದರೆ, ಆಟೋ ಅಡ್ಡ ಬಂದರೆ ಅದು ತಾನಾಗಿ ಕ್ಲಚ್ ತುಳಿಯುತ್ತದೆ, ಅದೂ ತಳ ಮುಟ್ಟುವ ಹಾಗೆ. ಆಟೋಮ್ಯಾಟಿಕ್ ಕಾರಿನಲ್ಲಿ ಕ್ಲಚ್ ಇಲ್ಲ. ಆದರೆ ಬ್ರೇಕ್ ಪೆಡಲ್ ಸಾಮಾನ್ಯವಾಗಿ ಗೇರ್ ಗಾಡಿಯದಕ್ಕಿಂತ ಅಗಲ. ಅದರ ಎಡ ಅಂಚು ಎಡಗಾಲಿಗೆ ಎಟುಕುವಷ್ಟು ಚಾಚಿಕೊಂಡಿರುತ್ತದೆ. ಕ್ಲಚ್ ಎಂದುಕೊಂಡು ಅದೇ ಬಲದಲ್ಲಿ ಒತ್ತಿದರೆ ಗಾಡಿ ನಡುರಸ್ತೆಯಲ್ಲಿ ಗಕ್ಕನೆ ನಿಲ್ಲುತ್ತದೆ, ಹಿಂದೆ ಬರುತ್ತಿದ್ದವರು ಬಂದು ಗುದ್ದುತ್ತಾರೆ.

ಇದಕ್ಕಿಂತ ದೊಡ್ಡ ಅಪಾಯ ಬಲಗಾಲಿನದ್ದು. ಗೇರ್ ಗಾಡಿಯಲ್ಲಿ ಗಾಬರಿಯಾದಾಗ ಎರಡೂ ಕಾಲು ಒಟ್ಟಿಗೆ ಕೆಳಗಿಳಿಯುತ್ತವೆ. ಬಲಗಾಲು ತಪ್ಪಿ ಎಕ್ಸಲರೇಟರ್ ಮೇಲೆ ಬಿದ್ದರೂ ಎಡಗಾಲು ಕ್ಲಚ್ ಒತ್ತಿರುವುದರಿಂದ ಇಂಜಿನ್ ಅಬ್ಬರಿಸುತ್ತದೆ, ಚಕ್ರಕ್ಕೆ ಬಲ ಹೋಗುವುದಿಲ್ಲ. ಇಷ್ಟು ವರ್ಷ ನಿಮ್ಮನ್ನು ಕಾಪಾಡಿದ ಈ ಎರಡನೇ ಕಾವಲು ಆಟೋಮ್ಯಾಟಿಕ್‌ನಲ್ಲಿ ಇಲ್ಲ. ತಪ್ಪಿ ಎಕ್ಸಲರೇಟರ್ ತುಳಿದರೆ ಗಾಡಿ ಮುನ್ನುಗ್ಗುತ್ತದೆ. ಬ್ರೇಕ್ ಒತ್ತುತ್ತಿದ್ದೇನೆ ಎಂದೇ ನಂಬಿರುವ ಮನಸ್ಸು ಇನ್ನೂ ಗಟ್ಟಿಯಾಗಿ ಒತ್ತುತ್ತದೆ. 2019ರ ಏಪ್ರಿಲ್‌ನಲ್ಲಿ ಟೋಕಿಯೊದ ಇಕೆಬುಕುರೊದಲ್ಲಿ 87 ವರ್ಷದ ಚಾಲಕರೊಬ್ಬರ ಕಾರು ಹೀಗೇ ನುಗ್ಗಿ ತಾಯಿ ಮತ್ತು ಪುಟ್ಟ ಮಗಳು ತೀರಿಹೋದರು. ಬ್ರೇಕ್ ಬದಲು ಎಕ್ಸಲರೇಟರ್ ತುಳಿದದ್ದೇ ಕಾರಣ ಎಂದು ನ್ಯಾಯಾಲಯ ತೀರ್ಪು ಕೊಟ್ಟಿತು. ಮಂಡಿ ನೋವು, ಟ್ರಾಫಿಕ್ ಎಂದು ಆಟೋಮ್ಯಾಟಿಕ್‌ಗೆ ಹೋಗುವುದು ಒಳ್ಳೆಯ ನಿರ್ಧಾರವೇ. ಆದರೆ ‘ಇದರಲ್ಲಿ ಕಲಿಯೋಕೆ ಏನಿದೆ, ಆಕ್ಸಿಲೇಟರ್ ಒತ್ತಿದರೆ ಹೋಗುತ್ತೆ’ ಎಂಬ ಮಾತನ್ನು ಮಾತ್ರ ನಂಬಬೇಡಿ.

ಶುರು ಮಾಡಬೇಕಾದದ್ದು ಸೀಟಿನಿಂದ. ಇಲ್ಲಿಯವರೆಗೆ ಕ್ಲಚ್ ತಳಕ್ಕೆ ಎಟುಕುವ ಹಾಗೆ ಸೀಟು ಮುಂದಕ್ಕೆ ಎಳೆದುಕೊಂಡಿರುತ್ತೀರಿ. ಈಗ ಅಳತೆ ಬಲಗಾಲು: ಬ್ರೇಕ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಬಾಗಿರಬೇಕು. ಬಲ ಹಿಮ್ಮಡಿಯನ್ನು ಬ್ರೇಕ್ ಪೆಡಲ್‌ನ ನೇರಕ್ಕೆ ನೆಲಕ್ಕೆ ಊರಿ. ಎಕ್ಸಲರೇಟರ್ ಬೇಕಾದಾಗ ಹಿಮ್ಮಡಿ ಎತ್ತದೆ ಪಾದದ ಮುಂಭಾಗವನ್ನಷ್ಟೇ ಬಲಕ್ಕೆ ತಿರುಗಿಸಿ ಒತ್ತಿ. ಹಿಮ್ಮಡಿ ಎಕ್ಸಲರೇಟರ್ ಎದುರಿಗಿದ್ದರೆ ಪ್ರತಿ ಸಲ ಇಡೀ ಕಾಲು ಎತ್ತಿ ಬ್ರೇಕ್ ಹುಡುಕಬೇಕು, ತಪ್ಪುವುದು ಅಲ್ಲೇ. ಎಡಗಾಲಿಗೆ ಎಡಗಡೆ ಮೂಲೆಯಲ್ಲಿ ಪಾದ ಇಡುವ ಜಾಗ, ಡೆಡ್ ಪೆಡಲ್, ಇರುತ್ತದೆ. ಅದು ಇಲ್ಲದ ಗಾಡಿಯಾದರೆ ಮೊದಲ ಎರಡು ವಾರ ಎಡ ಪಾದವನ್ನು ಸೀಟಿನ ಅಂಚಿನವರೆಗೆ ಹಿಂದಕ್ಕೆ ಎಳೆದುಕೊಳ್ಳಿ. ಹವಾಯಿ ಚಪ್ಪಲಿ ಬೇಡ, ಹಿಮ್ಮಡಿಗೆ ಪಟ್ಟಿ ಇರುವುದನ್ನೇ ಹಾಕಿ.

ಭಾನುವಾರ ಬೆಳಗ್ಗೆ ಖಾಲಿ ಲೇಔಟ್ ರಸ್ತೆಯೊಂದು ಸಿಕ್ಕರೆ ಸಾಕು. ಬ್ರೇಕ್ ಒತ್ತಿ ಸ್ಟಾರ್ಟ್ ಮಾಡಿ; ಬ್ರೇಕ್ ಒತ್ತದಿದ್ದರೆ ಬಹಳಷ್ಟು ಗಾಡಿಗಳು ಸ್ಟಾರ್ಟ್ ಆಗುವುದಿಲ್ಲ, ಲಿವರ್ ‘ಪಿ’ಯಿಂದ (ಪಾರ್ಕ್) ಅಲ್ಲಾಡುವುದೂ ಇಲ್ಲ. ‘ಡಿ’ಗೆ (ಡ್ರೈವ್, ಮುಂದಕ್ಕೆ ಹೋಗಲು) ಹಾಕಿ ಬ್ರೇಕ್ ನಿಧಾನಕ್ಕೆ ಬಿಡಿ. ಸಮತಟ್ಟು ರಸ್ತೆಯಲ್ಲಿ ಗಾಡಿ ತಾನೇ ಗಂಟೆಗೆ ಐದಾರು ಕಿಲೋಮೀಟರ್ ವೇಗದಲ್ಲಿ ತೆವಳುತ್ತದೆ. ಮೊದಲ ಅರ್ಧ ಗಂಟೆ ಎಕ್ಸಲರೇಟರ್ ಮುಟ್ಟಲೇಬೇಡಿ. ಬ್ರೇಕ್ ಒಂದರಲ್ಲೇ ಹೊರಡುವುದು, ನಿಲ್ಲುವುದು, ಒಂದು ಗೆರೆಗೆ ಸರಿಯಾಗಿ ನಿಲ್ಲಿಸುವುದು: ಒಂದು ಮೂವತ್ತು ಸಲ. ಪಾರ್ಕಿಂಗ್ ಮತ್ತು ಕಿಕ್ಕಿರಿದ ಟ್ರಾಫಿಕ್ ಎರಡೂ ಮುಂದೆ ಈ ತೆವಳುವ ವೇಗದಲ್ಲೇ ಆಗಬೇಕು. ಆಮೇಲೆ 30ರ ವೇಗಕ್ಕೆ ಹೋಗಿ, ಪಕ್ಕ ಕೂತವರು ‘ನಿಲ್ಲಿಸಿ’ ಎಂದಾಗ ನಿಲ್ಲಿಸಿ. ಎಡಗಾಲು ಎದ್ದಿತೇ ಎಂದು ಅವರೇ ನೋಡಿ ಹೇಳಲಿ, ನಿಮಗೆ ಗೊತ್ತಾಗುವುದಿಲ್ಲ.

ರಿವರ್ಸ್ ಅಭ್ಯಾಸವನ್ನು ಬೇರೆಯಾಗಿಯೇ ಮಾಡಿ. ಹಿಂದೆ ನೋಡಲು ಎಡಕ್ಕೆ ತಿರುಗಿದಾಗ ಸೊಂಟ ತಿರುಗುತ್ತದೆ, ಅದರ ಜೊತೆ ಬಲಗಾಲೂ ಜಾಗ ಬಿಟ್ಟು ಸರಿಯುತ್ತದೆ. ಕಣ್ಣು ಹಿಂದೆ, ಕಾಲು ಎಲ್ಲೋ. ಆದ್ದರಿಂದ ರಿವರ್ಸ್‌ನಲ್ಲಿ ಪಾದ ಬ್ರೇಕ್ ಮೇಲಿಂದ ಕದಲಕೂಡದು. ‘ಆರ್’ನಿಂದ ‘ಡಿ’ಗೆ ಹಾಕುವ ಮುಂಚೆ ಗಾಡಿ ಪೂರ್ತಿ ನಿಂತಿರಬೇಕು, ಚಲಿಸುತ್ತಿರುವಾಗಲೇ ಬದಲಿಸಿದರೆ ಏಟು ಗೇರ್‌ಬಾಕ್ಸ್‌ಗೆ.

ಇನ್ನು ಗೇರ್‌ಬಾಕ್ಸ್ ಯಾವ ಜಾತಿಯದ್ದು ಎಂದು ತಿಳಿದುಕೊಳ್ಳಲೇಬೇಕು. ಶೋರೂಮ್‌ನಲ್ಲಿ ಎಲ್ಲವನ್ನೂ ಆಟೋಮ್ಯಾಟಿಕ್ ಎಂದೇ ಕರೆಯುತ್ತಾರೆ, ಓಡಿಸುವ ಕ್ರಮ ಮಾತ್ರ ಒಂದೇ ಅಲ್ಲ. ಟಾರ್ಕ್ ಕನ್ವರ್ಟರ್‌ನಲ್ಲಿ ಇಂಜಿನ್ನಿನ ಬಲ ಎಣ್ಣೆಯ ಮೂಲಕ ದಾಟುತ್ತದೆ, ಹಾಗಾಗಿ ನಿಂತು ಹೊರಡುವುದು ಮೆತ್ತಗೆ. ವಯಸ್ಸಾದ ಮೇಲೆ ಮೊದಲ ಸಲ ಬದಲಿಸುವವರಿಗೆ ನನ್ನ ಮೊದಲ ಆಯ್ಕೆ ಇದೇ, ಅದರ ನಂತರ ಸಿವಿಟಿ. ಸಿವಿಟಿಯಲ್ಲಿ ಹಲ್ಲಿನ ಗೇರ್‌ಗಳ ಬದಲು ಎರಡು ರಾಟೆ, ನಡುವೆ ಉಕ್ಕಿನ ಬೆಲ್ಟ್. ಎಕ್ಸಲರೇಟರ್ ಜೋರಾಗಿ ಒತ್ತಿದರೆ ಇಂಜಿನ್ ಮೊದಲು ಕೂಗಿ ವೇಗ ಆಮೇಲೆ ಬರುತ್ತದೆ; ಅದು ರಿಪೇರಿಯಲ್ಲ, ಅದರ ಸ್ವಭಾವ. ಅದಕ್ಕೆ ಹಾಕುವ ಎಣ್ಣೆ ಬೇರೆಯೇ. ಸರ್ವೀಸ್‌ನಲ್ಲಿ ಮಾಮೂಲಿ ಆಟೋಮ್ಯಾಟಿಕ್ ಆಯಿಲ್ ಸುರಿದರೆ ಬೆಲ್ಟ್ ಜಾರಿ ಹಾಳಾಗುತ್ತದೆ. ಡಿಸಿಟಿಯಲ್ಲಿ ಎರಡು ಕ್ಲಚ್. ಹೆದ್ದಾರಿಗೆ ಸೊಗಸು, ಆದರೆ ಎಣ್ಣೆಯಲ್ಲಿ ಮುಳುಗಿರದ ಡ್ರೈ ಕ್ಲಚ್ ಮಾದರಿ ಸಿಲ್ಕ್ ಬೋರ್ಡ್‌ನಂಥ ಕಡೆ ಇಂಚಿಂಚು ತೆವಳಿದರೆ ಬಿಸಿಯಾಗುತ್ತದೆ. ಮುಂದಿನ ಗಾಡಿಗೆ ಒಂದು ಕಾರಿನಷ್ಟು ಜಾಗ ಬಿಟ್ಟು, ಒಮ್ಮೆಲೇ ಮುಂದೆ ಹೋಗಿ ನಿಲ್ಲುವುದು ಅದಕ್ಕೆ ಒಳ್ಳೆಯದು.

ಎಎಂಟಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದ ಮೇಲೆ ಕಡಿಮೆ ಬೆಲೆಯ ಆಟೋಮ್ಯಾಟಿಕ್ ಎಂದರೆ ಇದೇ ಎನ್ನುವಂತಾಗಿದೆ. ಒಳಗಿರುವುದು ನಿಮ್ಮ ಹಳೆಯ ಗೇರ್ ಗಾಡಿಯದೇ ಗೇರ್‌ಬಾಕ್ಸ್, ಅದೇ ಒಣ ಕ್ಲಚ್ ಪ್ಲೇಟ್. ನಿಮ್ಮ ಎಡಗಾಲು ಮತ್ತು ಎಡಗೈ ಮಾಡುತ್ತಿದ್ದ ಕೆಲಸವನ್ನು ಆಕ್ಚುಯೇಟರ್ ಎಂಬ ಯಂತ್ರ ಮಾಡುತ್ತದೆ, ಅಷ್ಟೇ. ಅದು ಗೇರ್ ಬದಲಿಸುವ ಕ್ಷಣ ಎಳೆತ ನಿಂತು ತಲೆ ಮುಂದಕ್ಕೆ ತೂಗುತ್ತದೆ. ನೀವು ಗೇರ್ ಬದಲಿಸುತ್ತಿದ್ದ ಹದಕ್ಕೆ ಎಕ್ಸಲರೇಟರ್ ಕೊಂಚ ಸಡಿಲಿಸಿ ಮತ್ತೆ ಒತ್ತಿದರೆ ಆ ಜಗ್ಗಾಟ ಕಡಿಮೆಯಾಗುತ್ತದೆ. ಹಳೆಯ ಅನುಭವ ಉಪಯೋಗಕ್ಕೆ ಬರುವುದು ಇಲ್ಲಿ.

ಎಎಂಟಿಗೆ ಕಷ್ಟವಾಗುವುದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪ್‌ನಲ್ಲಿ. ಮೇಲೆ ಗೇಟ್ ತೆರೆಯಲು ಕಾಯಬೇಕು, ಹಿಂದೆ ಇನ್ನೊಂದು ಕಾರು ಅಂಟಿಕೊಂಡಿದೆ. ಬ್ರೇಕಿನಿಂದ ಕಾಲು ತೆಗೆದ ಕೂಡಲೇ ಗಾಡಿ ಹಿಂದಕ್ಕೆ ಜಾರುತ್ತದೆ, ಏಕೆಂದರೆ ಕ್ಲಚ್ ಇನ್ನೂ ಹಿಡಿದಿಲ್ಲ. ಹಿಲ್ ಹೋಲ್ಡ್ ಇದ್ದರೆ ಎರಡು ಸೆಕೆಂಡಿನಷ್ಟು ಹಿಡಿದುಕೊಳ್ಳುತ್ತದೆ, ಆಮೇಲೆ ಬಿಡುತ್ತದೆ. ಜಾರದಿರಲೆಂದು ಎಕ್ಸಲರೇಟರ್ ಅರ್ಧ ಒತ್ತಿ ಗಾಡಿಯನ್ನು ಅಲ್ಲೇ ತಡೆದು ನಿಲ್ಲಿಸಿದರೆ ಅದು ಹಾಫ್ ಕ್ಲಚ್‌ನಲ್ಲಿ ನಿಂತಂತೆಯೇ. ಪ್ಲೇಟ್ ಉಜ್ಜಿ ಸುಟ್ಟ ವಾಸನೆ ಬರುತ್ತದೆ. ದಾರಿ ಹಳೆಯದೇ: ಹ್ಯಾಂಡ್‌ಬ್ರೇಕ್ ಎಳೆಯಿರಿ, ‘ಡಿ’ಯಲ್ಲಿರಲಿ, ಗೇಟ್ ಪೂರ್ತಿ ತೆರೆದ ಮೇಲೆ ಎಕ್ಸಲರೇಟರ್ ಮೆಲ್ಲಗೆ ಒತ್ತಿ. ಕ್ಲಚ್ ಹಿಡಿದಾಗ ಇಂಜಿನ್ ಸದ್ದು ತಗ್ಗಿ ಗಾಡಿ ಮುಂದಕ್ಕೆ ತುಡಿಯುವುದು ಸೀಟಿಗೇ ಗೊತ್ತಾಗುತ್ತದೆ. ಆಗ ಹ್ಯಾಂಡ್‌ಬ್ರೇಕ್ ಇಳಿಸಿ. ಅದಕ್ಕೂ ಒಳ್ಳೆಯದೆಂದರೆ ರ‍್ಯಾಂಪ್ ಖಾಲಿಯಾಗುವವರೆಗೆ ಕೆಳಗೇ ಕಾದು ಒಂದೇ ಉಸಿರಿಗೆ ಹತ್ತುವುದು. ಟೆಸ್ಟ್ ಡ್ರೈವ್‌ಗೆ ಗಾಡಿ ಕೊಟ್ಟಾಗ ನಿಮ್ಮದೇ ಬೇಸ್‌ಮೆಂಟಿಗೆ ತಂದು ಹತ್ತಿಸಿ ನೋಡಿ, ಖಾಲಿ ರಿಂಗ್ ರೋಡಿನಲ್ಲಿ ಓಡಿಸಿ ಏನೂ ತಿಳಿಯದು.

ಘಾಟಿ ಇಳಿಯುವಾಗ ಬೇರೆಯದೇ ಎಚ್ಚರ ಬೇಕು. ಆಗುಂಬೆಯಿಂದ ಸೋಮೇಶ್ವರಕ್ಕೆ 14 ಹೇರ್‌ಪಿನ್ ತಿರುವು. ಗೇರ್ ಗಾಡಿಯಲ್ಲಿ ಎರಡನೇ ಗೇರ್‌ಗೆ ಹಾಕಿ ಇಂಜಿನ್ ಹಿಡಿತದಲ್ಲಿ ಇಳಿಯುತ್ತಿದ್ದಿರಿ. ‘ಡಿ’ಯಲ್ಲೇ ಬಿಟ್ಟರೆ ಬಹಳಷ್ಟು ಗೇರ್‌ಬಾಕ್ಸ್‌ಗಳು ಪೆಟ್ರೋಲ್ ಉಳಿಸಲು ಮೇಲಿನ ಗೇರ್ ಹಿಡಿಯುತ್ತವೆ, ಭಾರವೆಲ್ಲ ಬ್ರೇಕಿನ ಮೇಲೆ. ಬ್ರೇಕ್ ಕಾದು ಹಿಡಿತ ಕಡಿಮೆಯಾಗುತ್ತದೆ. ಇಳಿಜಾರು ಶುರುವಾಗುವ ಮೊದಲೇ ‘ಎಂ’ಗೆ (ಮ್ಯಾನ್ಯುಯಲ್, ಗೇರ್ ನೀವೇ ಬದಲಿಸುವ ಸ್ಥಾನ) ತಂದು ಎರಡನೇ ಗೇರ್ ಹಿಡಿಯಿರಿ, ಇಲ್ಲವೇ ‘ಎಲ್’, ‘2’, ‘ಎಸ್’ ಯಾವುದಿದೆಯೋ ಅದಕ್ಕೆ ಹಾಕಿ. ‘ಎಂ’ನಲ್ಲಿ ಗೇರ್ ಇಳಿಸಲು ಕೆಲವು ಕಾರುಗಳಲ್ಲಿ ಲಿವರ್ ಮುಂದಕ್ಕೆ ತಳ್ಳಬೇಕು, ಕೆಲವಲ್ಲಿ ಹಿಂದಕ್ಕೆ ಎಳೆಯಬೇಕು, ಘಾಟಿಗೆ ಹೋಗುವ ಮುನ್ನವೇ ರೂಢಿಯಾಗಿರಲಿ. ನ್ಯೂಟ್ರಲ್‌ನಲ್ಲಿ ಇಳಿಯುವ ಯೋಚನೆಯೇ ಬೇಡ.

ನಿಲ್ಲಿಸುವಾಗ ‘ಪಿ’ಯೊಂದನ್ನೇ ನಂಬಬಾರದು. ‘ಪಿ’ಗೆ ಹಾಕಿದಾಗ ಗೇರ್‌ಬಾಕ್ಸ್ ಒಳಗೆ ಕಬ್ಬಿಣದ ಸಣ್ಣ ಕೊಕ್ಕೆಯೊಂದು ಹಲ್ಲಿನ ಸಂದಿಗೆ ಬೀಳುತ್ತದೆ. ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕದೆ ಬ್ರೇಕ್ ಬಿಟ್ಟರೆ ಗಾಡಿಯ ತೂಕವೆಲ್ಲ ಆ ಕೊಕ್ಕೆಯ ಮೇಲೆ. ಮತ್ತೆ ಹೊರಡುವಾಗ ಲಿವರ್ ಗಟ್ಟಿಯಾಗಿ, ‘ಟಕ್’ ಎಂದು ಸದ್ದಾಗಿ ಬರುವುದು ಅದಕ್ಕೇ. ಸರಿಯಾದ ಕ್ರಮ: ಬ್ರೇಕ್ ಒತ್ತಿ ನಿಲ್ಲಿಸಿ, ‘ಎನ್’ಗೆ (ನ್ಯೂಟ್ರಲ್) ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಸ್ವಲ್ಪ ಬಿಟ್ಟು ತೂಕ ಹ್ಯಾಂಡ್‌ಬ್ರೇಕ್ ಮೇಲೆ ಕೂರಲು ಬಿಡಿ, ಮತ್ತೆ ಬ್ರೇಕ್ ಒತ್ತಿ ‘ಪಿ’ಗೆ ಹಾಕಿ. ಬಹುಪಾಲು ಎಎಂಟಿಗಳಲ್ಲಿ ‘ಪಿ’ಯೇ ಇಲ್ಲ. ಅವನ್ನು ಗೇರ್‌ನಲ್ಲಿಟ್ಟು ಆಫ್ ಮಾಡಿ ಹ್ಯಾಂಡ್‌ಬ್ರೇಕ್ ಹಾಕಬೇಕು. ಕ್ರಮ ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿರುತ್ತದೆ.

ಬ್ಯಾಟರಿ ಕೂತರೆ ತಳ್ಳಿ ಸ್ಟಾರ್ಟ್ ಮಾಡುವ ಹಳೆಯ ಉಪಾಯ ನಡೆಯದು. ಡಿಕ್ಕಿಯಲ್ಲಿ ಜಂಪರ್ ಕೇಬಲ್ ಇರಲಿ. ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಸಬೇಡಿ; ಇಂಜಿನ್ ಆಫ್ ಆಗಿರುವಾಗ ಚಕ್ರ ತಿರುಗಿದರೆ ಗೇರ್‌ಬಾಕ್ಸ್ ಒಳಗೆ ಎಣ್ಣೆ ಓಡಾಡದೆ ಸವೆಯುತ್ತದೆ. ಇಡೀ ಕಾರನ್ನು ಮೇಲೆ ಹೇರಿಕೊಂಡು ಹೋಗುವ ಫ್ಲಾಟ್‌ಬೆಡ್ ಲಾರಿ ಬೇಕೆಂದು ಫೋನಿನಲ್ಲೇ ಹೇಳಿ. ಲೈಸೆನ್ಸ್ ಮಾತ್ರ ಹೊಸದು ಬೇಡ, ಇರುವ ಎಲ್‌ಎಂವಿ (ಲಘು ವಾಹನ) ಲೈಸೆನ್ಸೇ ಸಾಕು. 55 ದಾಟಿದ ಮೇಲೆ ಐದೈದು ವರ್ಷಕ್ಕೆ ನವೀಕರಣ, ಜೊತೆಗೆ ವೈದ್ಯರು ಸಹಿ ಹಾಕಿದ ಫಾರಂ 1ಎ.

ಮನೆಯಲ್ಲಿ ಮಗನದ್ದೋ ಮಗಳದ್ದೋ ಗೇರ್ ಗಾಡಿಯೂ ಇದ್ದರೆ ಮೊದಲ ಎರಡು ತಿಂಗಳು ಅದನ್ನು ಮುಟ್ಟಬೇಡಿ. ಬೆಳಗ್ಗೆ ಒಂದು, ಸಂಜೆ ಒಂದು ಓಡಿಸಿದರೆ ಎಡಗಾಲು ಯಾವುದನ್ನೂ ಕಲಿಯುವುದಿಲ್ಲ. ಆಮೇಲೂ, ಯಾವ ಗಾಡಿ ಹತ್ತಿದರೂ ಸ್ಟಾರ್ಟ್ ಮಾಡುವ ಮುನ್ನ ಬಲಗಾಲಿನಿಂದ ಬ್ರೇಕ್ ಮೂರು ಸಲ ಒತ್ತಿ, ಎಡಗಾಲು ಎಲ್ಲಿದೆ ಎಂದು ಬಗ್ಗಿ ಒಮ್ಮೆ ನೋಡಿಕೊಂಡು ಹೊರಡಿ.