ಪಾಠದಲ್ಲಿ ಜೈಲಿಗಿಂತ ಮೊದಲು ಎರಡು ಸ್ಕೂಲು

ಅಮೆರಿಕದ ವರ್ಜೀನಿಯಾದ ಒಂದು ಸರ್ಕಾರಿ ಸ್ಕೂಲಲ್ಲಿ ನಾಲ್ಕನೇ ಕ್ಲಾಸಿಗೆ ಪಾಠ ಮಾಡ್ತೀನಿ. ಇಲ್ಲಿ ಆ ಕ್ಲಾಸಲ್ಲೇ ರಾಜ್ಯದ ಚರಿತ್ರೆ ಬರುತ್ತೆ, ಅಂದ್ರೆ ಬಿಳಿಯರಿಗೆ ಒಂದು ಸ್ಕೂಲು ಕಪ್ಪು ಮಕ್ಕಳಿಗೆ ಇನ್ನೊಂದು ಅಂತಿದ್ದ ಕಾಲಾನೂ ಬರುತ್ತೆ. ನಮ್ಮ ಕ್ಲಾಸಿನವು ಹೆಚ್ಚುಕಮ್ಮಿ ಎಲ್ಲಾ ಅನುಕೂಲಸ್ಥರ ಮಕ್ಕಳು, ಸಾಫ್ಟ್‌ವೇರ್ ನವರ ಮನೆಯವೂ ಸುಮಾರಿವೆ. ತಾರತಮ್ಯ ತಪ್ಪು ಅಲ್ವಾ ಅಂದ್ರೆ ಒಟ್ಟಿಗೆ ಹೌದು ಅಂತಾವೆ, ಅಷ್ಟೇ, ತಲೆಗೆ ಏನೂ ಇಳಿದಿರಲ್ಲ.

ಅದಕ್ಕೇ ನಾನು ಈ ತಾರತಮ್ಯದ ವಿರುದ್ಧ ಹೋರಾಡಿದ ಜೋನ್ ಟ್ರಂಪವರ್ ಮುಲ್ಹಾಲೆಂಡ್ ಅವರ ಕತೆಯಿಂದ ಶುರು ಮಾಡೋದು. 1941ರಲ್ಲಿ ಹುಟ್ಟಿದ ಬಿಳಿ ಹುಡುಗಿ, ಬೆಳೆದಿದ್ದು ಇದೇ ವರ್ಜೀನಿಯಾದ ಆರ್ಲಿಂಗ್ಟನ್‌ನಲ್ಲಿ. ಹತ್ತು ವರ್ಷದವಳಿದ್ದಾಗ ಜಾರ್ಜಿಯಾದ ಅಜ್ಜಿ ಊರಿಗೆ ಹೋಗಿದ್ದಾಗ ಗೆಳತಿ ಜೊತೆ ಪಂಥ ಕಟ್ಕೊಂಡು ಕಪ್ಪು ಜನರ ಕೇರಿಗೆ ನಡ್ಕೊಂಡು ಹೋಗ್ತಾಳೆ, ಈ ಇಬ್ಬರು ಪುಟ್ಟ ಬಿಳಿ ಹುಡುಗೀರನ್ನ ನೋಡಿ ಅಲ್ಲಿದ್ದ ದೊಡ್ಡವರೇ ಸರಿದು ಮರೆಯಾಗ್ತಾರೆ, ಕೊನೆಗೆ ಅವರ ಸ್ಕೂಲು ಕಾಣುತ್ತೆ, ಬಣ್ಣಾನೇ ಕಾಣದ ಒಂದೇ ಕೋಣೆಯ ಶೆಡ್ಡು. ಬಿಳಿ ಮಕ್ಕಳಿಗೆ ಅದೇ ಊರಲ್ಲಿ ಹೊಸ ಇಟ್ಟಿಗೆ ಕಟ್ಟಡ. ಚರ್ಚಲ್ಲಿ ಬಾಯಿಪಾಠ ಮಾಡಿಸಿದ್ದ ವಾಕ್ಯಗಳಿಗೂ ಇದಕ್ಕೂ ತಾಳೆ ಆಗಲ್ಲ ಅಂತ ಆ ವಯಸ್ಸಲ್ಲೇ ಹೊಳೀತು ಅವಳಿಗೆ.

ಮುಂದಿಂದು, 1961ರ ಫ್ರೀಡಂ ರೈಡು (ಕಪ್ಪು ಬಿಳಿ ಜನ ಬೇಕಂತಲೇ ಒಟ್ಟಿಗೆ ಕೂತು ಮಾಡಿದ ಪ್ರತಿಭಟನೆಯ ಪ್ರಯಾಣ), ಮಿಸಿಸಿಪ್ಪಿಯ ಪಾರ್ಚ್‌ಮನ್ ಜೈಲು, 1963ರಲ್ಲಿ ಜಾಕ್ಸನ್‌ನ ಬಿಳಿಯರಿಗಷ್ಟೇ ಅಂತಿದ್ದ ಊಟದ ಕೌಂಟರಲ್ಲಿ ಕಪ್ಪು ಜನರ ಜೊತೆ ಕೂತಾಗ ತಲೆ ಮೇಲೆ ಸುರಿದ ಕೆಚಪ್ಪು ಸಕ್ಕರೆ, ಇದನ್ನೆಲ್ಲ ಮೊದಲೇ ಹೇಳಿದ್ರೆ ಮಕ್ಕಳು ಸೂಪರ್‌ಹೀರೋ ಸಿನಿಮಾ ನೋಡಿದ ಹಾಗೆ ಕೂರ್ತಾವೆ. ಅದನ್ನ ಆಮೇಲಿನ ವಾರಕ್ಕೆ ಇಟ್ಕೊಂಡು ಮೊದಲು ಒಂದೇ ಪ್ರಶ್ನೆ ಕೇಳ್ತೀನಿ, ಆ ಇಟ್ಟಿಗೆ ಕಟ್ಟಡಕ್ಕೆ ದುಡ್ಡು ಯಾರದು? ಟ್ಯಾಕ್ಸು ಇಬ್ಬರೂ ಕಟ್ತಿದ್ರು ಅಂತ ಗೊತ್ತಾದಾಗ ಕ್ಲಾಸು ನಿಜಕ್ಕೂ ಎದ್ದು ಕೂರುತ್ತೆ. ಒಂಬತ್ತು ವರ್ಷದವಕ್ಕೆ ಲೆಕ್ಕದಲ್ಲಿ ಮೋಸ ಅಂದ್ರೆ ಬೇಗ ಅರ್ಥ ಆಗುತ್ತೆ.

ಆಮೇಲೆ ನಮ್ಮದೇ ರಾಜ್ಯದ ಫಾರ್ಮ್‌ವಿಲ್ ಅನ್ನೋ ಊರು. ಅಲ್ಲಿ ಕಪ್ಪು ಮಕ್ಕಳಿಗಿದ್ದ ಮೋಟನ್ ಹೈಸ್ಕೂಲು ಕಟ್ಟಿದ್ದು 180 ಮಕ್ಕಳಿಗೆ, 1951ರ ಹೊತ್ತಿಗೆ 450ಕ್ಕಿಂತ ಜಾಸ್ತಿ ಇದ್ರು. ಟಾರು ಹಚ್ಚಿದ ಕಾಗದ ಹೊದಿಸಿದ ಶೆಡ್ಡಲ್ಲೂ ಪಾಠ, ಒಲೆ ಪಕ್ಕ ಕೂತವರು ಬೆವರೋದು, ದೂರ ಕೂತವರು ಕೋಟು ಬಿಚ್ಚಂಗಿಲ್ಲ. ಅಲ್ಲೇ ಓದ್ತಿದ್ದ ಹದಿನಾರರ ಬಾರ್ಬರಾ ಜಾನ್ಸ್ ಮುಷ್ಕರ ಮಾಡಿಸಿದ್ದು ಇಲ್ಲೇ. ಅದರಿಂದ ಹುಟ್ಟಿದ ಕೇಸೂ ಸೇರಿ 1954ರಲ್ಲಿ ಬಣ್ಣ ನೋಡಿ ಬೇರೆ ಬೇರೆ ಸ್ಕೂಲು ಮಾಡಂಗಿಲ್ಲ ಅಂತ ಸುಪ್ರೀಂ ಕೋರ್ಟ್ ತೀರ್ಪು ಬಂತು, ಆದ್ರೆ ಕೌಂಟಿಯವರು (ಅಂದ್ರೆ ಆ ಜಿಲ್ಲೆಯ ಆಡಳಿತ) ಒಟ್ಟಿಗೆ ಓದಿಸೋದಕ್ಕಿಂತ ಬಾಗಿಲು ಹಾಕೋದೇ ವಾಸಿ ಅಂತ 1959ರಿಂದ 1964ರವರೆಗೆ ಸರ್ಕಾರಿ ಸ್ಕೂಲೇ ಮುಚ್ಚಿಬಿಟ್ರು, ಬಿಳಿ ಮಕ್ಕಳಿಗೆ ಪ್ರೈವೇಟ್ ಸ್ಕೂಲಿತ್ತು. ಸ್ಕೂಲ್ ರಜಾ ಅಂದಕೂಡ್ಲೇ ಹೋ ಅಂತಾವೆ ನಮ್ಮವು, ತೆರೆಯೋ ಹೊತ್ತಿಗೆ ನಿಮಗೆ ಹದಿನಾಲ್ಕು ಅಂದ್ರೆ ಮಾತಿಲ್ಲ.

ಕೊನೆಗೆ ಯಾರಾದ್ರೂ ನಮ್ಮ ಕಡೆಯ ಮಗು ಕೇಳೇ ಕೇಳುತ್ತೆ, ಮಿಸ್, ಆಗ ನಾವು ಎಲ್ಲಿ ಕೂರ್ಬೇಕಿತ್ತು? ಅದಕ್ಕೆ ನಮ್ಮ ಮಂಗಳೂರಿನ ಸ್ವಾತಂತ್ರ್ಯ ಹೋರಾಟಗಾರ್ತಿ ಕಮಲಾದೇವಿ ಚಟ್ಟೋಪಾಧ್ಯಾಯ ಇದಾರೆ. 1941ರಲ್ಲಿ ಅಮೆರಿಕದ ದಕ್ಷಿಣ ಭಾಗದ ರೈಲಲ್ಲಿ ಬಿಳಿಯರ ಜಾಗದಿಂದ ಏಳಿ ಅಂದಾಗ ಇವರು ಏಳ್ಲಿಲ್ಲ, ಯಾವ ದೇಶದವರು ಅಂತ ಕೇಳಿ ಬಿಟ್ಟುಬಿಡೋಕೆ ಕಂಡಕ್ಟರು ದಾರಿ ಕೊಟ್ರೂ ನಾನೂ ಕಪ್ಪು ಜನರ ಪೈಕೀನೇ ಅಂದ್ರು. ಇಲ್ಲಿ ಕ್ಲಾಸು ಎರಡು ಪಾರ್ಟಿ ಆಗುತ್ತೆ, ಇಂಡಿಯಾದವಳು ಅಂದು ಸುಮ್ನೆ ಕೂತಿದ್ರೆ ಏನಾಗ್ತಿತ್ತು, ಅದೇನು ಸುಳ್ಳಲ್ವಲ್ಲ ಅಂತ ಒಂದು, ಹಂಗಂದ್ರೆ ಉಳಿದವರು ಎದ್ದು ಹೋಗ್ಲಿ ಅಂತಾನಾ ಅಂತ ಇನ್ನೊಂದು. ಆ ಜಗಳಕ್ಕೆ ನಾನು ತಲೆ ಹಾಕಲ್ಲ, ಲಂಚ್ ಬೆಲ್ ಹೊಡೆದ್ರೂ ಕ್ಯೂನಲ್ಲಿ ಮುಂದುವರೆಸ್ತಾವೆ.